ಇನ್ನೊಂದು ಸುತ್ತು

ಆಸ್ಪತ್ರೆ, ಹೆಂಗಸರ ವಾರ್ಡು, ಕಿಟಕಿ ಪಕ್ಕದ ಮಂಚ
ಶುಕ್ರವಾರ, ಮಧ್ಯಾಹ್ನ, ಎಲ್ಲರಿಗೂ ಊಟ ಬಂದಿದೆ, ನನಗೆ ನಳಿಕೆ ಬಂದಿದೆ

ನನ್ನ ಹೊಟ್ಟೆಯಲ್ಲೇ ಹುಟ್ಟಿ, ನನ್ನ ಮೇಲೆಯೇ ಪೊಲೀಸರಿಗೆ ಹೇಳಿಕೆ ಕೊಟ್ಟು ಬಂದ ನನ್ನ ಬಂಗಾರಕ್ಕೆ, ಅಮ್ಮನ ಆಶೀರ್ವಾದ.

ಹೆದರಬೇಡ. ಬೈಯಲು ಬರೆಯುತ್ತಿಲ್ಲ. ಬೈಯುವುದಾದರೆ ಬಾಯಿಂದಲೇ ಬೈಯುತ್ತಿದ್ದೆ, ಮೂರು ಬೀದಿಗೆ ಕೇಳಿಸುವ ಹಾಗೆ. ಆದರೆ ನಿನ್ನ ಗಂಡ ನನ್ನ ದವಡೆಯನ್ನು ಎರಡು ಕಡೆ ಮುರಿದಿದ್ದಾನೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಹೆಣೆದು ಬಾಯಿಗೆ ಬೀಗ ಜಡಿದಿದ್ದಾರೆ. ಆರು ವಾರ ಮಾತಿಲ್ಲ! ಹನ್ನೊಂದು ವರ್ಷ ನಾಟಕದ ಕಂಪನಿಯಲ್ಲಿ ಸೇನಾಪತಿಯ ಪಾರ್ಟು ಹಾಕಿ, ಮೈಕಿಲ್ಲದೆ ಕೊನೆಯ ಬೆಂಚಿನವನ ಎದೆ ನಡುಗಿಸಿದ ಗಂಟಲಿಗೆ ಆರು ವಾರ ಮೌನ! ನರ್ಸಮ್ಮ ನಿನ್ನೆ, "ನಿಮ್ಮ ಬೀದಿಯವ್ರು ಬಂದಿದ್ರು, ಆರು ವಾರ ಸಾಲ್ದು, ಹನ್ನೆರಡು ಮಾಡಿ ಅಂತಿದ್ರು" ಎಂದಳು. ನಗು ಬಂತು. ತಂತಿ ಎಳೆದು ವಸಡಿನಿಂದ ರಕ್ತವೂ ಬಂತು.

ಈ ಕಾಗದ ಬ್ರೆಡ್ಡಿನ ಚೀಲದೊಳಗೆ ಬರುತ್ತದೆ. ಮುಂದಿನ ಕೋಣೆಯಲ್ಲಿ ನಿನ್ನ ಭಾವ ಕಾವಲು ಕೂತಿದ್ದಾನೆಂದು ಬೇಕರಿ ಅಕ್ಕ ಹೇಳಿದಳು. ತಮ್ಮ ಲಾಕಪ್ಪಿನಲ್ಲಿ, ಅಣ್ಣ ಸೋಫಾದಲ್ಲಿ. ಅಡುಗೆಮನೆಯಲ್ಲಿ ನಿಂತು ಓದು. ಓದಿ ಒಲೆಗೆ ಹಾಕು. ಆದರೆ ಪೂರ್ತಿ ಓದು.

ಇನ್‌ಸ್ಪೆಕ್ಟರು ನಿನ್ನ ಹೇಳಿಕೆಯನ್ನು ನನ್ನ ಮಂಚದ ಪಕ್ಕ ನಿಂತು ಓದಿದರು. "ನಮ್ಮಮ್ಮಂಗೆ ಮೊದಲಿಂದ್ಲೂ ನಾಟಕದ ಹುಚ್ಚು ಸಾರ್. ಅವರೇ ಮೊದಲು ಹೊಡೆದಿದ್ದು. ಆಮೇಲೆ ಕಾಲು ಜಾರಿ ತಾವೇ ಬಿದ್ರು." ಕೆಳಗೆ, ಏನನ್ನೂ ಕಣ್ಣಾರೆ ಕಾಣದ ನಿನ್ನ ಸಹಿ. ಓದಿ ಮುಗಿಸಿ ನನ್ನ ಮುಖ ನೋಡಿದರು. ಆ ಮುಖ ಆಗ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಜಾರಿ ಬಿದ್ದು ಇಷ್ಟು ಕಡೆ ಪೆಟ್ಟಾಗಬೇಕಾದರೆ ಮಹಡಿಯಿಂದ ಮೂರು ಸಲ ಬೀಳಬೇಕಮ್ಮ ಎಂದು ಗೊಣಗಿ ಕಾಗದ ಮಡಿಸಿಕೊಂಡರು.

ಆದರೂ ಮಗಳೇ, ನೀನು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಮೊದಲು ಹೊಡೆದದ್ದು ನಾನೇ. ನಾಟಕ ಆಡಿದ್ದೂ ಹೌದು. ಅದನ್ನು ಮೊದಲಿಂದ ಹೇಳುತ್ತೇನೆ, ಕೇಳು.

ಹೋದ ವರ್ಷ ನೀನು ನನ್ನ ಹೊಲಿಗೆ ಅಂಗಡಿಗೆ ಬರುವುದನ್ನು ನಿಲ್ಲಿಸಿದೆ. ಫೋನು ಮಾಡಿದರೆ ಅವನೇ ಎತ್ತುತ್ತಿದ್ದ. ಆ ಹೊತ್ತಿಗೆ ಒಂದು ದಿನ ಅವನೇ ಬಂದ. ಕೊರಳಲ್ಲಿ ಸೀಟಿ, ಮುಖದ ತುಂಬ ನಗು. "ಅತ್ತೆ, ಹೊಡೆತ ತಿಂದು ಮನೆ ಬಿಟ್ಟು ಬಂದ ಹೆಂಗಸರಿಗೆ ಆಶ್ರಯಮನೆ ಇದೆಯಲ್ಲ, ಅದಕ್ಕೆ ಮಹಡಿ ಕಟ್ಟಿಸ್ಬೇಕು. ಮ್ಯಾರಥಾನ್ ಓಡಿ ದೇಣಿಗೆ ಎತ್ತೋಣ ಅಂತ. ಎಲ್ಲ ಹೊಸಬರೇ, ನಾನೇ ಕಲಿಸ್ತೀನಿ, ನೀವೂ ಬನ್ನಿ" ಎಂದ.

"ಅಳಿಯಂದ್ರೇ, ನಾನು ಬಸ್ಸಿನ ಹಿಂದೆ ಓಡಿದ್ರೆ ಡ್ರೈವರಿಗೇ ಅಳು ಬಂದು ನಿಲ್ಲಿಸ್ತಾನೆ. ನಲವತ್ತೆರಡು ಕಿಲೋಮೀಟರಾ?" ಎಂದೆ. ಆದರೂ ಒಪ್ಪಿದೆ. ಏಕೆ ಗೊತ್ತೇ? ಪ್ರತಿ ಭಾನುವಾರ ನಿನ್ನ ಸುದ್ದಿ ಕೇಳಬಹುದಲ್ಲ! "ಹೇಗಿದ್ದಾಳೆ?" ಎಂದು ನಾನು ಕೇಳುವುದು, "ಚೆನ್ನಾಗಿದಾಳೆ, ನಿಮ್ಮನ್ನ ಕೇಳಿದ್ಲು" ಎಂದು ಅವನು ಹೇಳುವುದು. ಆ ಒಂದು ಸಾಲಿಗಾಗಿ ಎಂಟು ತಿಂಗಳು ಓಡಿದೆ.

ಇಪ್ಪತ್ತೆರಡು ಜನ ನಾವು. ಮೊದಲ ದಿನ ಸ್ಟೇಡಿಯಮ್ಮಿನ ಅರ್ಧ ಸುತ್ತಿಗೆ ನನ್ನ ಪ್ರಾಣ ಕಿವಿಯಲ್ಲಿ ಬಂದು ಕೂತಿತು. ಬೇಕರಿ ಅಕ್ಕ ಹುಲ್ಲಿನ ಮೇಲೆ ಮಲಗಿ, "ನನ್ನನ್ನ ಇಲ್ಲೇ ಹೂಳಿ, ಮೇಲೊಂದು ಬನ್ನು ಇಡಿ" ಎಂದಳು. ಎಪ್ಪತ್ತು ದಾಟಿದ ಲೆಕ್ಕದ ಮೇಷ್ಟ್ರು ಮಾತ್ರ ಒಂದೇ ಸಮನೆ ಹೆಜ್ಜೆ ಎಣಿಸುತ್ತ, ಆಮೆಯ ಹಾಗೆ ನಮ್ಮನ್ನು ದಾಟಿ ಹೋದರು. ಎಲ್ಲರ ಅಂಗಿಯೂ ನನ್ನ ಕೈಯ ಹೊಲಿಗೆ. ಓಟ ಮುಗಿದ ಮೇಲೆ ಆಶ್ರಯಮನೆಯ ಚಿತ್ರ ಅಂಟಿಸಿದ ತಗಡಿನ ಡಬ್ಬಿ ಹಿಡಿದು ಮಾರುಕಟ್ಟೆಯಲ್ಲಿ ಕುಲುಕುತ್ತ ಹೋಗುತ್ತಿದ್ದೆವು. ಓಡುವಾಗ ಅವನು ನಮ್ಮ ಮುಂದೆ, ನಮ್ಮ ಕಡೆ ಮುಖ ಮಾಡಿ, ಹಿಂದುಹಿಂದಕ್ಕೆ ಓಡುತ್ತಿದ್ದ. ನಮ್ಮ ಕಾಲು ಸೋತಾಗಲೆಲ್ಲ ಜೇನಿನಂಥ ದನಿಯಲ್ಲಿ ಅದೇ ಮಾತು: "ಉಸಿರು ಬಿಡಿ. ನಗಿ. ಇನ್ನೊಂದು ಸುತ್ತು." ಆ ಮಾತಿಗೆ ನಮಗೆಲ್ಲ ಮೈಯಲ್ಲಿ ಬಲ ಬರುತ್ತಿತ್ತು. ನನಗೂ ಬರುತ್ತಿತ್ತು.

ಮೂರು ವಾರದ ಹಿಂದೆ ನಿನಗೆ ಜ್ವರ ಎಂದು ಹೇಳಿ ಅವನು ನಮ್ಮ ಪುಟಾಣಿ ಮೆಣಸನ್ನು ನನ್ನ ಅಂಗಡಿಯಲ್ಲಿ ಬಿಟ್ಟುಹೋದ. ನಾಲ್ಕು ವರ್ಷದ ಮೊಮ್ಮಗಳು, ನಾನಿಟ್ಟ ಅಡ್ಡಹೆಸರಿಗೆ ತಕ್ಕ ಖಾರ, ಅಂಗಡಿ ತುಂಬ ಅವಳದೇ ರಾಜ್ಯ. ಚಿಂದಿ ಬಟ್ಟೆಯಲ್ಲಿ ಒಂದು ಗೊಂಬೆ ಮಾಡಿಕೊಟ್ಟೆ. ಅದನ್ನು ಮೆಷಿನ್ನಿನ ಮೇಲೆ ನಿಲ್ಲಿಸಿಕೊಂಡಳು. ನಾನು ಗುಂಡಿ ಹಚ್ಚುತ್ತ ಕೂತಿದ್ದೆ. ಚಟಾರೆಂದು ಸದ್ದಾಯಿತು. ತಲೆಯೆತ್ತಿ ನೋಡಿದರೆ ಮಗು ಗೊಂಬೆಯ ಕೆನ್ನೆಗೆ ಹೊಡೆದಿದೆ. ಬಿದ್ದ ಗೊಂಬೆಯನ್ನು ಕೂದಲು ಹಿಡಿದು ಎತ್ತಿತು. ಮೆತ್ತಗೆ, ಅದೇ ರಾಗದಲ್ಲಿ, "ಉಸಿರು ಬಿಡು. ನಗು. ಇನ್ನೊಂದು ಸುತ್ತು" ಎಂದಿತು. ಮತ್ತೆ ಚಟಾರ್.

"ಅದು ಯಾರು ಪುಟ್ಟಾ?" ಎಂದೆ.

"ಅಮ್ಮ."

"ಅಮ್ಮಂಗೆ ಯಾಕೆ ಹೊಡೀತಿದೀಯಾ?"

"ಹೊಡೀತಿಲ್ಲ ಅಜ್ಜಿ" ಎಂದಿತು ಮಗು, ನನಗೇನೂ ತಿಳಿಯದು ಎಂಬಂತೆ. "ಪ್ರಾಕ್ಟೀಸು."

ಅಂದೇ, ಆ ಕ್ಷಣದಲ್ಲೇ, ನನಗೆ ಗೊತ್ತಾಯಿತು. ನನ್ನ ಕಣ್ಣಿನ ಪೊರೆ ಹರಿಯಿತು! ಎದುರಿಗೆ ಹತ್ತಿಂಚಿನ ಕತ್ತರಿ ಬಿದ್ದಿತ್ತು. ಅವನ ಕೊರಳಿನ ಅಳತೆ ನನಗೆ ಬಾಯಿಪಾಠ, ಹದಿನೈದೂವರೆ ಇಂಚು. ಸಂಜೆ ಮಗುವನ್ನು ಕರೆದೊಯ್ಯಲು ಬಂದಾಗ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿ, "ಇವತ್ತು ಸುಸ್ತಾಯ್ತು ಅತ್ತೆ" ಎಂದ. ಗಂಟಲ ಗಂಟು ಮೇಲೆ ಕೆಳಗೆ ಆಡುತ್ತಿತ್ತು. ಕತ್ತರಿ ನನ್ನ ಕೈಯಲ್ಲಿತ್ತು. ಮಗು ಅವನ ತೊಡೆಯ ಮೇಲಿತ್ತು. ಕತ್ತರಿಯಿಂದ ಒಂದು ದಾರ ಕತ್ತರಿಸಿ ಕೆಳಗಿಟ್ಟೆ.

ಆಮೇಲೆ ಯೋಚಿಸಿದೆ. ನಾಲ್ಕು ಗೋಡೆಯ ಒಳಗೆ ಅವನು ಆಡುವ ಆಟಕ್ಕೆ ನೋಡುವವರು ಯಾರೂ ಇಲ್ಲ. ಹೊರಗೆ ನೋಡಿದರೆ ಊರಿಗೆಲ್ಲ ಬೇಕಾದವನು, ಹೊಡೆತ ತಿಂದ ಹೆಂಗಸರಿಗೆ ಮಹಡಿ ಕಟ್ಟಿಸುವವನು. ನಾನು ಹೇಳಿದರೆ ನಂಬುವವರಾರು? "ನಾಟಕದ ಹೆಂಗಸು" ಎನ್ನುತ್ತಾರೆ. ಸರಿ, ನಾಟಕವೇ ಆಗಲಿ! ಆ ಒಳಗಿನ ಅಂಕವನ್ನು ಹೊರಗೆ, ಬೆಳಕಿನಲ್ಲಿ, ಜನರೆದುರು ತರುತ್ತೇನೆ ಎಂದು ಪಣ ತೊಟ್ಟೆ.

ಕಳೆದ ಭಾನುವಾರ, ಬೆಳಿಗ್ಗೆ ಎಂಟೂವರೆ. ಮ್ಯಾರಥಾನಿಗೆ ಎರಡು ವಾರವಿತ್ತು. ಮೂವತ್ತು ಕಿಲೋಮೀಟರಿನ ದಿನ. ಎಲ್ಲರ ಕಾಲೂ ಸತ್ತಿತ್ತು. ನೀರಿನ ಮೇಜಿನ ಮೇಲೆ ಡಬ್ಬಿಗಳು ಸಾಲಾಗಿ ಕೂತಿದ್ದವು. ಅವನು ಹಿಂದುಹಿಂದಕ್ಕೆ ಓಡುತ್ತ ಕೂಗಿದ, "ಉಸಿರು ಬಿಡಿ! ನಗಿ! ಇನ್ನೊಂದು ಸುತ್ತು!"

ನಾನು ನಿಂತೆ. ಹೊಕ್ಕುಳಿಂದ ಉಸಿರೆಳೆದೆ, ಕಂಪನಿಯಲ್ಲಿ ಕಲಿಸಿದ್ದ ಹಾಗೆ. "ಇಲ್ಲ! ಇನ್ನೊಂದು ಸುತ್ತು ಇಲ್ಲ!" ಗ್ಯಾಲರಿಯ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಓಡುತ್ತಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ನಿಂತರು. ಆಗ ಆಡಿದೆ. ಮಗುವಿನ ದನಿ, ಗೊಂಬೆಯ ಮೌನ, ಅವನ ಜೇನುದನಿ, ಮೂರನ್ನೂ ನಾನೇ ಆಡಿದೆ. ಚಟಾರೆಂದು ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. "ಪ್ರಾಕ್ಟೀಸು ಅಜ್ಜಿ" ಎಂಬ ಕೊನೆಯ ಮಾತಿಗೆ ಬೇಕರಿ ಅಕ್ಕನ ಕೈಯಿಂದ ನೀರಿನ ಲೋಟ ಜಾರಿತು.

ಅವನು ನಗುತ್ತಲೇ ಹತ್ತಿರ ಬಂದ. "ಅತ್ತೆಗೆ ಬಿಸಿಲು ತಲೆಗೇರಿದೆ, ನೀರು ಕೊಡಿ" ಎಂದ. ಮೊಣಕೈ ಹಿಡಿದ. ಹೊರಗಿನಿಂದ ನೋಡಿದರೆ ಆಸರೆ. ಒಳಗೆ ಹೆಬ್ಬೆರಳು ನರದ ಮೇಲೆ ಕೂತು ಅರೆಯುತ್ತಿತ್ತು. ಕಿವಿಯ ಹತ್ತಿರ ಬಾಗಿ, "ಇದಕ್ಕೆಲ್ಲ ಮನೆಗೆ ಹೋಗಿ ಅವಳ ಹತ್ರ ವಸೂಲಿ ಮಾಡ್ತೀನಿ. ನಗಿ" ಎಂದ.

ನನ್ನ ನಾಟಕದಲ್ಲಿ ಆ ಮಾತು ಇರಲಿಲ್ಲ. ಮುಂದಿನದೂ ಇರಲಿಲ್ಲ. ಕೈಗೆ ಡಬ್ಬಿ ಸಿಕ್ಕಿತು. ಬೀಸಿದೆ. ಹುಬ್ಬು ಸೀಳಿ ರಕ್ತ ಚಿಮ್ಮಿ ನಾನೇ ಹೊಲಿದ ಬಿಳಿ ಅಂಗಿಗೆ ಬಿತ್ತು. ಎರಡನೆಯದು ಕಿವಿಗೆ. ಡಬ್ಬಿ ಬಾಯಿಬಿಟ್ಟು ಚಿಲ್ಲರೆಯೆಲ್ಲ ಟ್ರ್ಯಾಕಿನ ಮೇಲೆ ಉರುಳಿತು. ಮೂರನೆಯ ಸಲ ಹರಿದ ತಗಡಿನಿಂದಲೇ ಹೊಡೆದೆ, ಕೆನ್ನೆ ತೆರೆದುಕೊಂಡಿತು. ಆ ಮೂರನೆಯದನ್ನು ಹೊಡೆಯುವಾಗ ನನಗೆ ಸಂತೋಷವಾಯಿತು ಮಗಳೇ. ಅದನ್ನೂ ಮುಚ್ಚಿಡುವುದಿಲ್ಲ.

ಆಮೇಲೆ ಅವನ ಮುಷ್ಟಿ ಬಂತು. ಮೆಷಿನ್ನಿನ ಸೂಜಿ ಜಿಪ್ಪಿಗೆ ತಗುಲಿ ಮುರಿಯುತ್ತದಲ್ಲ, ಆ ಸದ್ದು ನನ್ನ ತಲೆಯೊಳಗೆ ಕೇಳಿಸಿತು. ಬಿದ್ದೆ. ಪಕ್ಕೆಗೆ ಒದ್ದ, ಮತ್ತೆ ಒದ್ದ, ಎರಡು ಎಲುಬು ಹೋದವು. ಬಾಯಿಂದ ಹಲ್ಲು ಹೊರಗೆ ಬಿದ್ದದ್ದನ್ನು ಕಂಡೆ, ನಾಣ್ಯಗಳ ನಡುವೆ. ನನ್ನ ಕೂದಲು ಹಿಡಿದು ತಲೆ ಎತ್ತಿದ. ಅಲ್ಲಿ ಜನರಿದ್ದಾರೆಂಬುದು ಅವನಿಗೆ ಮರೆತೇ ಹೋಗಿತ್ತು. ಅದೇ ಮೃದುವಾದ ದನಿಯಲ್ಲಿ, ಎಲ್ಲರೆದುರು, "ಉಸಿರು ಬಿಡಿ ಅತ್ತೆ. ನಗಿ. ಇನ್ನೊಂದು ಸುತ್ತು" ಎಂದು ಮತ್ತೆ ಹೊಡೆದ.

ಎಲ್ಲರೂ ಕೇಳಿದರು. ಎಲ್ಲರಿಗೂ ಅರ್ಥವಾಯಿತು. ಬೇಕರಿ ಅಕ್ಕ ಇಪ್ಪತ್ತು ವರ್ಷ ಹಿಟ್ಟು ನಾದಿದ ಎರಡೂ ತೋಳಿನಿಂದ ಅವನ ಕೈ ತಿರುಚಿ ಹಿಂದಕ್ಕೆ ತಂದಳು. ಭುಜದ ಕೀಲು ಕಳಚಿದ ಸದ್ದು ನನಗೂ ಕೇಳಿಸಿತು. ಲೆಕ್ಕದ ಮೇಷ್ಟ್ರು ಅವನ ಕಾಲಿನ ಮೇಲೆ ಕೂತುಕೊಂಡು ಅಳುತ್ತ, "ದಯವಿಟ್ಟು ಅಲ್ಲಾಡ್ಬೇಡಿ, ದಯವಿಟ್ಟು" ಎನ್ನುತ್ತಿದ್ದರು. ಪೊಲೀಸರು ಬರುವವರೆಗೂ ಆ ಮರ್ಯಾದೆ ಬಿಡಲಿಲ್ಲ.

ಆಶ್ರಯಮನೆಯ ಅಧ್ಯಕ್ಷೆ ಮಂಗಳವಾರ ಹಣ್ಣಿನ ಬುಟ್ಟಿ ತಂದಿದ್ದರು, ಬಾಯಿ ಹೊಲಿದವಳಿಗೆ ಸೇಬು! "ಓಟ ಮುಗಿಯೋವರ್ಗೂ ಇದನ್ನ ಅಪಘಾತ ಅಂತ ಇಟ್ಕೊಳ್ಳೋಣ. ಹೆಸರು ಕೆಟ್ರೆ ಮಹಡಿ ನಿಂತ್ಹೋಗುತ್ತೆ" ಎಂದರು. ನರ್ಸಮ್ಮ ಕೊಟ್ಟ ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಮಹಡಿ ಯಾರಿಗೆ?" ಎಂದು ಬರೆದು ತೋರಿಸಿದೆ. ಆಕೆ ಅದನ್ನು ಎರಡು ಸಲ ಓದಿ, ಬುಟ್ಟಿ ಎತ್ತಿಕೊಂಡು ಹೋದರು. ಮರುದಿನ ಬರಿಗೈಯಲ್ಲಿ ಬಂದು, "ಕೆಳಗಿನ ಕೋಣೆಯಲ್ಲಿ ಒಂದು ದೊಡ್ಡ ಮಂಚ, ಒಂದು ಚಿಕ್ಕ ಮಂಚ ಹಾಕ್ಸಿದೀನಿ" ಎಂದು ಹೇಳಿ ಹೋದರು.

ಈಗ ಕೇಳು. ಸೋಮವಾರ ಅವನನ್ನು ಜಾಮೀನಿಗೆಂದು ಮತ್ತೆ ಕೋರ್ಟಿಗೆ ತರುತ್ತಾರೆ. ಸ್ಟೇಡಿಯಮ್ಮಿನದಕ್ಕೆ ಸಾಕ್ಷಿಗಳಿದ್ದರೂ ಮೊದಲು ಕೈ ಎತ್ತಿದವಳು ನಾನು, ಮನೆಯೊಳಗಿನದಕ್ಕೆ ಸಾಕ್ಷಿ ನೀನೊಬ್ಬಳೇ. ನಿನ್ನ ಹೇಳಿಕೆ ಹಾಗೇ ಇದ್ದರೆ ಮಧ್ಯಾಹ್ನದೊಳಗೆ ಅವನು ನಿನ್ನ ಬಾಗಿಲಲ್ಲಿರುತ್ತಾನೆ. ಎಡಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಇರಬಹುದು. ಬಲಗೈ ಚೆನ್ನಾಗಿದೆ. ವಸೂಲಿ ಮಾಡುತ್ತೇನೆಂದಿದ್ದಾನೆ, ಮಾಡುತ್ತಾನೆ. ಅಷ್ಟರೊಳಗೆ ಹೊಸ ಹೇಳಿಕೆ ಕೊಡಬಹುದೆಂದು ಇನ್‌ಸ್ಪೆಕ್ಟರು ಹೇಳಿದ್ದಾರೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಬೇಕರಿ ವ್ಯಾನು ನಿನ್ನ ಹಿತ್ತಲ ಗೇಟಿನ ಹತ್ತಿರ ನಿಲ್ಲುತ್ತದೆ. ಅದೇ ಹೊತ್ತಿಗೆ ನಮ್ಮ ಗುಂಪು ನಿನ್ನ ಬೀದಿಯಲ್ಲಿ ಓಡುತ್ತದೆ, ಇಪ್ಪತ್ತೊಂದು ಜನ, ಡಬ್ಬಿ ಕುಲುಕುತ್ತ. ಮೇಷ್ಟ್ರು ಮುಂಬಾಗಿಲು ತಟ್ಟಿ ನಿನ್ನ ಭಾವನ ಹತ್ತಿರ ದೇಣಿಗೆ ಕೇಳುತ್ತಾರೆ. ಅವರು ಕೇಳಲು ಶುರು ಮಾಡಿದರೆ ಗಣಿತ ಸಮೇತ ವಿವರಿಸದೆ ಬಿಡುವುದಿಲ್ಲ. ಹಿತ್ತಲ ಬಾಗಿಲಿಂದ ವ್ಯಾನಿಗೆ ನಲವತ್ತು ಹೆಜ್ಜೆ. ಬೇಕರಿ ಅಕ್ಕ ಎಣಿಸಿ ಬಂದಿದ್ದಾಳೆ. ಅಲ್ಲಿಂದ ನೇರ ಆಶ್ರಯಮನೆ, ಆಮೇಲೆ ಠಾಣೆ. ಮೆಣಸನ್ನು ಎತ್ತಿಕೊ. ಚಪ್ಪಲಿ ಹುಡುಕಬೇಡ. ಯಾರಾದರೂ ಕೂಗಿದರೆ ತಿರುಗಬೇಡ. ಯಾರಾದರೂ ಕೈ ಹಿಡಿದರೆ ಕಚ್ಚು, ಪರಚು, ಕೂಗು! ನನ್ನ ಮಗಳು ನೀನು, ನಿನಗೆ ಗಂಟಲಿದೆ. ಇಪ್ಪತ್ತೊಂದು ಜನ ಆ ಕೂಗಿಗಾಗಿಯೇ ಕಿವಿ ತೆರೆದುಕೊಂಡು ಓಡುತ್ತಿರುತ್ತಾರೆ.

ನನ್ನ ಮೇಲೆ ನೀನು ಕೊಟ್ಟ ಹೇಳಿಕೆಗೆ ಕೋಪವಿಲ್ಲ. ಆ ಮನೆಗೆ ವಾಪಸು ಹೋಗಬೇಕಾದವಳು ಬೇರೆ ಏನು ಹೇಳಿಯಾಳು?

ಕಿಟಕಿಯಿಂದ ರಸ್ತೆ ಕಾಣುತ್ತದೆ. ಭಾನುವಾರ ಅಲ್ಲೇ ಕೂತಿರುತ್ತೇನೆ.

ಇಂತು,
ಬಾಯಿಗೆ ಬೀಗ ಬಿದ್ದರೂ ಬಾಯಿ ಮುಚ್ಚದ
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಕಾಗದ ಮಡಿಸಿ ಮತ್ತೆ ಬಿಡಿಸಿದೆ. ಗೊಂಬೆಯ ದಿನ ಗೊತ್ತಾಯಿತು ಎಂದು ಮೇಲೆ ಬರೆದದ್ದು ಸುಳ್ಳು. ಎರಡು ವರ್ಷದ ಹಿಂದೆ, ಉರಿಬಿಸಿಲಿನ ತಿಂಗಳಲ್ಲಿ, ನೀನು ಐದು ಅಂಗಿ ತಂದೆ. "ಅಮ್ಮಾ, ತೋಳು ಮಣಿಕಟ್ಟಿನವರ್ಗೂ ಉದ್ದ ಮಾಡ್ಕೊಡು, ಈಗ ಅದೇ ಫ್ಯಾಷನ್ನು" ಎಂದೆ. ಅಳತೆಗೆ ನಿನ್ನ ತೋಳು ಎತ್ತಿಸಿದೆ. ನೋಡಿದೆ. ನಾಲ್ಕು ಬೆರಳಿನ ಗುರುತು, ಹಿಂದೆ ಹೆಬ್ಬೆರಳಿನದು. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ, ಅಮ್ಮ ಕೇಳಲಿ ಎಂದು. ನನ್ನ ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು. ತೆಗೆಯಲಿಲ್ಲ. ಸಂಜೆಯೊಳಗೆ ಐದನ್ನೂ ಹೊಲಿದುಕೊಟ್ಟು, ಚೆನ್ನಾಗಿ ಕೂತಿವೆ ಎಂದೆ. ಆ ಐದನ್ನೂ ಅಲ್ಲೇ ಬಿಟ್ಟು ಬಾ.