ಎದುರು ಮನೆಯ ಬಿಸಿಲು

ಮಾರ್ಚ್ 24, ಬೆಳಗ್ಗೆ 7
ಮತ್ತೆ ಆರು ಸಸಿ ಅಡ್ಡಬಿದ್ದಿವೆ. ದಾರದಂತೆ ಸಪೂರ, ಬಿಳಿಚಿಕೊಂಡ ಕಾಂಡ. ಬೆಳಕು ಸಾಲದು — ನನ್ನ ಕಿಟಕಿಗಳೆಲ್ಲ ಉತ್ತರಕ್ಕೆ. ಕತ್ತರಿಸಿದ ಹಾಲಿನ ಡಬ್ಬಿಗಳಲ್ಲಿ ನಲವತ್ತು ಚೆಂಡುಹೂ, ಇಪ್ಪತ್ತು ಕಾಸ್ಮಾಸ್. ಕಟ್ಟಡದ ಸಂಘದ ಸಭೆಯಲ್ಲಿ ಜಂಬ ಕೊಚ್ಚಿ ಬಂದಿದ್ದೇನೆ: ಜೂನಿನ ನಡುಬೇಸಿಗೆ ಹಬ್ಬದೊಳಗೆ ಕಟ್ಟಡದ ಬಾಗಿಲ ಮುಂದಿನ ಹೂಮಡಿಯಲ್ಲಿ ಹೂ ಅರಳದಿದ್ದರೆ ಜಲ್ಲಿ ಸುರಿದು ಕಾರು ನಿಲ್ಲಿಸಿಕೊಳ್ಳಿ ಎಂದು. ಅಧ್ಯಕ್ಷೆ ಬರೆದುಕೊಂಡರು. ನನ್ನ ನಾಲಿಗೆಗೆ ಬೀಗವಿಲ್ಲ.

ದಕ್ಷಿಣದ ಬಿಸಿಲೆಲ್ಲ ಇದೇ ಮಹಡಿಯ ಎದುರು ಮನೆಯ ಸಿಕ್ಸ್‌ಟನ್‌ಗೆ. ಜಲ್ಲಿಯ ಪರ ಮೊದಲು ಕೈಯೆತ್ತಿದವರೇ ಅವರು!

ಮಾರ್ಚ್ 25
ಅವರ ಬೆಲ್ ಒತ್ತಿಯೇಬಿಟ್ಟೆ.

"ಏನು ಗುನ್ವೋರ್, ಸಕ್ಕರೆ ಬೇಕಿತ್ತಾ?"

"ಕಿಟಕಿ ಬೇಕಿತ್ತು."

"ನಿಮಗೆ ಕಿಟಕಿ ಕೊಟ್ರೆ ನನ್ನ ಕಾರನ್ನ ನಾನೇ ಬೀದಿಗೆ ತಳ್ಳಿದ ಹಾಗೆ."

"ಹೌದು."

ನಕ್ಕರು. ಮೂರು ವರ್ಷದಲ್ಲಿ ಮೊದಲ ಸಲ. "ತನ್ನಿ. ಆದ್ರೆ ನೆಲದ ಮೇಲೆ ನೀರು ಚೆಲ್ಲಿದ್ರೆ ಮಾತ್ರ..."

ಏಪ್ರಿಲ್ 19
ದಿನಕ್ಕೆರಡು ಸಲ ಎದುರು ಮನೆಗೆ. ಸಸಿ ನೋಡುವುದಕ್ಕೆ, ಅಷ್ಟೇ. ಕಾಫಿಯೂ ಆಗುತ್ತದೆ, ಏಲಕ್ಕಿ ಬನ್ನೂ. ಇವತ್ತು ನೋಡಿದರೆ, ನಲವತ್ತು ವರ್ಷ ರೈಲು ಓಡಿಸಿದ ಮನುಷ್ಯ ಟೀ ಚಮಚ ಹಿಡಿದು, ಉಸಿರು ಬಿಗಿಹಿಡಿದು, ಸಸಿಗಳನ್ನು ಬಿಡಿಸಿ ಬೇರೆ ಬೇರೆ ಡಬ್ಬಿಗೆ ನೆಡುತ್ತಿದ್ದಾರೆ.

"ಕಾಂಡ ಹಿಡೀಬೇಡಿ, ಎಲೆ ಹಿಡೀರಿ."

"ಗೊತ್ತು ಗೊತ್ತು. ಲೈಬ್ರರಿಯಿಂದ ಪುಸ್ತಕ ತಂದಿದ್ದೀನಿ."

ಪುಸ್ತಕ!

ಜೂನ್ 2
ಹತ್ತು ದಿನ ಹಗಲು ಹೊರಗೆ, ಸಂಜೆ ಒಳಗೆ — ಸಸಿಗಳಿಗೆ ಗಾಳಿ ರೂಢಿಯಾಗಲಿ ಎಂದು. ಲಿಫ್ಟಿಲ್ಲದ ಎರಡು ಮಹಡಿ. ಇಬ್ಬರೂ ಹೊತ್ತೆವು. ಇವತ್ತು ಎಲ್ಲವನ್ನೂ ಮಡಿಯಲ್ಲಿ ನೆಟ್ಟಾಯಿತು. ಚೆಂಡುಹೂವಿನಲ್ಲಿ ಮೊಗ್ಗು!

ಜೂನ್ 6, ಸಂಜೆ 8
ರೇಡಿಯೋದಲ್ಲಿ ಹೇಳಿದರು: ನಮ್ಮ ಉತ್ತರದ ಊರು ಓಸ್ಟರ್‌ಸುಂಡ್ ಸುತ್ತ ಇಂದು ರಾತ್ರಿ ಮೈನಸ್ ಎರಡು. ನನ್ನ ಹತ್ತಿರ ಇದ್ದದ್ದೇ ನಾಲ್ಕು ಬೆಡ್‌ಶೀಟು. ಸಿಕ್ಸ್‌ಟನ್ ಮನೆಮನೆಯ ಬಾಗಿಲು ತಟ್ಟಿದರು. "ಹೊದಿಕೆ ಕೊಡ್ರಪ್ಪಾ, ಹೂವಿಗೆ ಚಳಿ!" ಎಲ್ಲರೂ ಇಳಿದು ಬಂದರು. ಅಧ್ಯಕ್ಷೆಯೂ, ರಜಾಯಿ ಹೊತ್ತು.

ಜೂನ್ 7, ಬೆಳಗ್ಗೆ 6
ಕಾರುಗಳ ಗಾಜಿನ ಮೇಲೆಲ್ಲ ಬಿಳಿ ಹಿಮ. ಹೊದಿಕೆ ಎತ್ತಲು ಕೈಬರಲಿಲ್ಲ. ಸಿಕ್ಸ್‌ಟನ್ ಅವರೇ ಎತ್ತಿದರು. ಮೂರು ಕಾಸ್ಮಾಸ್ ಕರಟಿವೆ. ಉಳಿದದ್ದೆಲ್ಲ ನಿಂತಿದೆ!

"ಬದುಕಿವೆ ಗುನ್ವೋರ್, ನೋಡೇ!"

ನೋಡೇ ಅಂದ. ಅಂದದ್ದು ಅವನಿಗೇ ಗೊತ್ತಾಗಲಿಲ್ಲ. ನಾನೂ ತಿದ್ದಲಿಲ್ಲ.

ಜೂನ್ 20, ನಡುಬೇಸಿಗೆ ಹಬ್ಬ
ಇಪ್ಪತ್ತೇಳು ಚೆಂಡುಹೂ. ಒಂದು ಕಾಸ್ಮಾಸ್, ತಿಳಿಗುಲಾಬಿ ಬಣ್ಣದ್ದು. ಅಧ್ಯಕ್ಷೆ ಅಂದು ಬರೆದುಕೊಂಡಿದ್ದ ಜಲ್ಲಿಯ ಮಾತನ್ನು ಹೊಡೆದುಹಾಕಿದರು. ಸಿಕ್ಸ್‌ಟನ್ ಮಡಿಯ ಪಕ್ಕ ನಿಂತು, ಕಿವಿ ಕೆಂಪಗೆ ಮಾಡಿಕೊಂಡು ಕೇಳಿದ:

"ಹಬ್ಬದ ಹೂಕಂಬದ ಸುತ್ತ ಕುಣಿಯೋಕೆ ನನ್ನ ಜೊತೆ ಬರ್ತೀಯಾ?"

"ನನ್ನ ಮೊಣಕಾಲಿಗೆ ಅರವತ್ತೇಳು ವರ್ಷ."

"ನಂದಕ್ಕೆ ಎಪ್ಪತ್ತು. ನಿಧಾನಕ್ಕೆ ಕುಣಿದ್ರಾಯ್ತು."

ನೀಲಿ ಫ್ರಾಕೋ, ಹಳದಿಯದೋ? ಎರಡನ್ನೂ ಹಾಕಿ ತೆಗೆದೆ. ಮೂರಕ್ಕೆ ಬರುತ್ತೇನೆ ಎಂದಿದ್ದ, ಇನ್ನೂ ಎರಡೂವರೆ... ಬೆಲ್! ಅಯ್ಯೋ, ತಲೆ ಕೂಡ ಬಾಚಿ —