ಕೆಂಪು ನಟ್ಟು

ಮಾರ್ಚ್ 4
ಬೆಳಗ್ಗೆಯಿಂದ ಲಾರಿಯ ಹಿಂದಿನ ಆಕ್ಸಲ್ ಅಡಿಯಲ್ಲೇ ಬಿದ್ದುಕೊಂಡಿದ್ದೆ. ಹಳೇ ಗ್ರೀಸ್ ಕಲ್ಲಾಗಿದೆ. ಕೆರೆದಷ್ಟೂ ಬರುತ್ತದೆ.

ಮಧ್ಯಾಹ್ನ ಜನರಲ್ ಬಂದರು. ಜನರಲ್ ಎಂದರೆ ನಮ್ಮ ಭಾವ, ಅಕ್ಕನ ಗಂಡ. ಸೈನ್ಯದ ಗೇಟು ಕೂಡ ದಾಟಿದವರಲ್ಲ; ಟೈಲ್ಸ್ ಅಂಗಡಿ ಇಟ್ಟವರು. ಹರಾಜಿನಲ್ಲಿ ಈ ಮಿಲಿಟರಿ ಲಾರಿ ಹಿಡಿದ ದಿನದಿಂದ ತಲೆಯ ಮೇಲೆ ಟೋಪಿ, ಕಂಕುಳಲ್ಲಿ ಕೋಲು. ಅಲ್ಪನಿಗೆ ಐಶ್ವರ್ಯ ಬಂದರೆ... ಗಾದೆ ಪೂರ್ತಿ ಬರೆಯುವ ಅಗತ್ಯವಿಲ್ಲ.

"ಬಣ್ಣ ಯಾಕಮ್ಮ ಇಷ್ಟು ಮಂಕು?"

"ಯುದ್ಧದ ಗಾಡಿ ಭಾವ. ಹೊಳೆದ್ರೆ ಶತ್ರುಗೆ ಕಾಣುತ್ತೆ."

"ಈಗ ಶತ್ರು ಎಲ್ಲಿದ್ದಾನೆ?"

ಎದುರಿಗೇ ನಿಂತಿದ್ದಾನೆ ಎನ್ನಬೇಕೆನಿಸಿತು.

ಮಾರ್ಚ್ 11
ಇವತ್ತು ಚಕ್ರ. ಈ ಲಾರಿಯ ರಿಮ್ ಎರಡು ಹೋಳು. ಹೊರಸುತ್ತಿನ ನಟ್ಟುಗಳು ಆ ಹೋಳುಗಳನ್ನು ಒಂದಕ್ಕೊಂದು ಬಿಗಿದಿರುತ್ತವೆ. ಒಳಸುತ್ತಿನವು ಚಕ್ರವನ್ನು ಗಾಡಿಗೆ. ಟಯರಿನಲ್ಲಿ ಗಾಳಿ ಇರುವಾಗ ಹೊರಸುತ್ತು ಬಿಚ್ಚಿದರೆ ಮುಗಿಯಿತು — ಹೋಳು ಹಾರಿ ಎದುರಿದ್ದವರ ತಲೆ ತೆಗೆಯುತ್ತದೆ. ಅದಕ್ಕೇ ಹೊರಸುತ್ತಿಗೆ ಕೆಂಪು. ಈ ಶೆಡ್ ನಡೆಸುತ್ತಿದ್ದಾಗ ಅಪ್ಪ ಬಳಿಯುತ್ತಿದ್ದರು. ನಾನೂ ಬಳಿದೆ.

ಜನರಲ್‌ಗೆ ಬಿಡಿಸಿ ಹೇಳಿದೆ. ಕೋಣನ ಮುಂದೆ ಕಿನ್ನರಿ. "ಹಸಿರು ಗಾಡಿಗೆ ಕೆಂಪು ಚುಕ್ಕಿ... ಚೆನ್ನಾಗಿಲ್ಲಮ್ಮ" ಎಂದರು. ಅಕ್ಕ ಜೊತೆಗಿದ್ದಳು. "ಅವರಿಗೆ ಬೇಡ ಅಂದ್ರೆ ಬಿಡೇ. ನಿಂದೊಂದು ಹಟ." ಅವಳಿಗೆ ಗಂಡ ಸೀನಿದರೂ ವೇದವಾಕ್ಯ.

ಬಳಿದದ್ದು ಬಳಿದದ್ದೇ. ಅಳಿಸಲಿಲ್ಲ.

ಮಾರ್ಚ್ 30
ಗಾಡಿ ಕೊಟ್ಟು ವಾರವಾಯಿತು. ಶೆಡ್ ಬಿಕೋ ಎನ್ನುತ್ತಿದೆ. ಒಳ್ಳೆಯ ಗಾಡಿ. ಅದಕ್ಕೆ ಸಿಕ್ಕ ಮಾಲೀಕ... ಇರಲಿ.

ಏಪ್ರಿಲ್ 6, ಬೆಳಗ್ಗೆ
ಅಕ್ಕ ಫೋಟೋ ಕಳಿಸಿದ್ದಾಳೆ. ಹಳೇ ಗಾಡಿಗಳ ಪ್ರದರ್ಶನ. ನಮ್ಮ ಲಾರಿ ಹೊಸ ಫ್ರಿಜ್ಜಿನ ಹಾಗೆ ಮಿರಮಿರ ಹೊಳೆಯುತ್ತಿದೆ. ಯಾವನೋ ಪೇಂಟರ್‌ಗೆ ಕೊಟ್ಟು ಬಳಿಸಿದ್ದಾರೆ. ಮೇಲೆ ಥಳಕು, ಒಳಗೆ ಹುಳುಕು — ಇಲ್ಲ, ಒಳಗೆ ನನ್ನ ಕೆಲಸವಿದೆ. ಹುಳುಕಿರುವುದು ಟೋಪಿಯ ಕೆಳಗೆ.

ಫೋಟೋ ದೊಡ್ಡದು ಮಾಡಿ ನೋಡಿದೆ. ನಟ್ಟುಗಳು. ಎಲ್ಲವೂ ಹಸಿರು.

ಕೆಳಗೆ ಅಕ್ಕನ ಮೆಸೇಜು: "ಹನ್ನೊಂದಕ್ಕೆ ನಿಮ್ಮ ಭಾವ ಜನರ ಮುಂದೆ ಚಕ್ರ ಬಿಚ್ಚಿ ತೋರಿಸ್ತಾರೆ. ನಟ್ಟು ಹಾಕೋಕೆ ತಟ್ಟೆ ಹಿಡ್ಕೊಂಡು ನಾನೇ ಎದುರಿಗೆ ಕೂರ್ಬೇಕಂತೆ."

ಫೋನ್ ಎತ್ತುತ್ತಿಲ್ಲ. ಇಬ್ಬರೂ. ಹೊರಟೆ.

ಅದೇ ದಿನ, ಸಂಜೆ
ಈಗಷ್ಟೇ ವಾಪಸ್ ಬಂದೆ.

ನಾನು ಹೋಗುವಷ್ಟರಲ್ಲಿ ಶುರುವಾಗಿತ್ತು. ಹೊರಸುತ್ತಿನ ಎರಡು ನಟ್ಟು ಆಗಲೇ ತಟ್ಟೆಯಲ್ಲಿ. ಮೂರನೆಯದರ ಮೇಲೆ ಜನರಲ್ ಪಾನಾ. ಯಾವುದು ಯಾವುದೆಂದು ಅವರಿಗೆ ನೆನಪಿದ್ದರೆ ತಾನೆ. ಅಕ್ಕನ ಮುಖ ರಿಮ್ಮಿಗೆ ಒಂದು ಮೊಳ ದೂರ.

ಪಾನಾ ಕಿತ್ತುಕೊಂಡೆ. ಅಕ್ಕನ ತೋಳು ಹಿಡಿದು ಆಚೆ ಎಳೆದೆ. ಪಕ್ಕಕ್ಕೆ ನಿಂತು, ಕೈ ಮಾತ್ರ ಚಾಚಿ, ವಾಲ್ವ್ ಬಿಚ್ಚಿ ಗಾಳಿ ಬಿಟ್ಟೆ. ಬುಸ್ ಎಂದಿತು. ಜನ ನಕ್ಕರು.

"ನಮ್ಮ ನಾದಿನಿಗೆ ಈ ಗಾಡಿ ಮೇಲೆ ನನಗಿಂತ ಮೋಹ" — ಜನರಲ್, ಮೈಕಿನಲ್ಲಿ. ಇನ್ನೂ ಜೋರು ನಗು. ಯಾರೂ ಸಾಯಲಿಲ್ಲವಲ್ಲ, ಹಾಗಾಗಿ ಏನೂ ಆಗಿಲ್ಲ. ಥೂ ಇವರ.

ಬಿಚ್ಚಿದ್ದನ್ನು ಬಿಗಿದು, ಅಕ್ಕನ ಬ್ಯಾಗಿನಲ್ಲಿದ್ದ ಕೆಂಪು ನೇಲ್ ಪಾಲಿಶ್ ತೆಗೆದು, ಅಲ್ಲೇ ನೆಲದ ಮೇಲೆ ಕೂತು ಹೊರಸುತ್ತಿಗೆಲ್ಲ ಹಚ್ಚಿದೆ. ಅಕ್ಕ ಖಾಲಿ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು.

"ತಲೆ ತೆಗೆಯುತ್ತೆ ಅಂತ ನೀನು ಅವತ್ತು ಅವರಿಗೆ ಹೇಳಿದ್ದೆ ಅಲ್ವಾ?" ಎಂದಳು.

"ಹೇಳಿದ್ದೆ. ನೀನೂ ಇದ್ದೆ."

ಅಕ್ಕ ತಟ್ಟೆಯನ್ನು ನೆಲದ ಮೇಲಿಟ್ಟಳು.

ಏಪ್ರಿಲ್ 7
ಅಕ್ಕ ಬಂದಿದ್ದಾಳೆ. ಲಾರಿಯ ಕೀ ನನ್ನ ಬೆಂಚಿನ ಮೇಲಿಟ್ಟು ಸ್ಟೂಲ್ ಮೇಲೆ ಕೂತಿದ್ದಾಳೆ. ಟೀ ಕೊಟ್ಟೆ, ಮುಟ್ಟಿಲ್ಲ. ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಗೇಟಿನಲ್ಲಿ ಜನರಲ್. ಟೋಪಿ ಸಮೇತ. ಅಲ್ಲಿಂದಲೇ ಕೂಗು: "ಕೀ ಕೊಡು. ಭಾನುವಾರ ಇನ್ನೊಂದು ಶೋ ಇದೆ. ಆ ಕೆಂಪು ಒರೆಸ್ಬೇಕು."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದಳು. "ನೀನು ಬರ್ಕೋ" ಎಂದಳು. ಬಾಗಿಲು ದಾಟಿದಳು. ಅವಳ ಈ ದನಿ ನಾನು ಕೇಳಿಯೇ ಇರಲಿಲ್ಲ.

"ಒರೆಸೋಣ. ಈ ಸಲ ತಟ್ಟೆ ಹಿಡ್ಕೊಂಡು ನೀವು ಎದುರಿಗೆ ಕೂತ್ಕೊಳ್ಳಿ. ಪಾನಾ ನಾನು ಹಿಡೀತೀನಿ."