ಐಸಿನಾಚೆಯ ಬೆರಳು

ಮಾರ್ಚ್ 3
ನಾವೀಗ ಮೊನಾಪಲಿ! ನಮ್ಮ ಎದುರಿನ ಐಸ್ ಫ್ಯಾಕ್ಟರಿಯ ಅಮ್ಮ, ಮಷಿನ್ ಕೆಟ್ಟಿತೆಂದು ಬಾಗಿಲು ಹಾಕಿ ಮಗಳ ಊರಿಗೆ ಹೊರಟುಹೋದರಂತೆ. ಇಡೀ ಬಂದರಿಗೆ ಐಸ್ ಮಾರುವವರು ನಾವೊಬ್ಬರೇ. ಮದುವೆಯಾಗಿ ಇಪ್ಪತ್ತೆರಡು ದಿನ — ಕಾಲೇಜಿನ ಟೆಕ್ಸ್ಟ್‌ಬುಕ್ಕೇ ಎದ್ದು ಮನೆಗೆ ಬಂದ ಹಾಗಿದೆ. ಇವರಿಗೆ ಅರ್ಥ ಹೇಳಿದೆ. ಏಕಸ್ವಾಮ್ಯ: ಮಾರುವವರು ಒಬ್ಬರೇ, ಬದಲಿ ಸರಕಿಲ್ಲ, ಬೆಲೆ ನಾವು ಹೇಳಿದ್ದೇ. ಬಾಯಿ ಬಿಟ್ಟುಕೊಂಡು ಕೇಳಿದರು. ಎಷ್ಟು ಚೆಂದ ಕೇಳುತ್ತಾರೆ... ಊಟಕ್ಕೆ ಕೂತಾಗ ಮಾವನಿಗೂ ಹೇಳಿದೆ.

ಮಾರ್ಚ್ 5
ಮಾವ ಬೆಲೆ ಏರಿಸಿದರು. ನನ್ನ ಮಾತಿನ ಮೇಲೆ! ಎಪ್ಪತ್ತು ದೋಣಿ, ಒಬ್ಬರೂ ತುಟಿ ಬಿಚ್ಚಲಿಲ್ಲ. ಮೈ ಜುಮ್ಮೆಂದಿತು. ಅತ್ತೆ ಮಾತ್ರ ಎದುರಿನ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

ಮಾರ್ಚ್ 19
ಐಸು ಕಂದು ಬಣ್ಣಕ್ಕೆ ತಿರುಗಿದೆ. ಟ್ಯಾಂಕು, ಅಚ್ಚು, ಎಲ್ಲ ತುಕ್ಕು. ತೊಳೆಯಲು ಎರಡು ದಿನ ಮಷಿನ್ ನಿಲ್ಲಿಸಬೇಕು. ಮೊದಲೆಲ್ಲ ಆ ಎರಡು ದಿನ ನಮ್ಮ ಗಿರಾಕಿಗಳಿಗೆ ಎದುರಿನ ಅಮ್ಮನೇ ಐಸ್ ಕೊಡುತ್ತಿದ್ದರಂತೆ. ಅವರು ತೊಳೆಯುವಾಗ ನಾವು. ಮೂವತ್ತು ವರ್ಷ, ಬೈದಾಡಿಕೊಂಡೇ. ಈಗ ನಿಲ್ಲಿಸಿದರೆ ಬಂದರಿನ ಮೀನೆಲ್ಲ ಕೊಳೆಯುತ್ತದೆ. ಇದು ಸಿಲಬಸ್ಸಿನಲ್ಲಿ ಇರಲಿಲ್ಲ.

ಮಾರ್ಚ್ 20, ಬೆಳಗ್ಗೆ 6
ಮೀನು ಮಾರುವ ಅಕ್ಕ ದಿನಾ ಐಸ್‌ಗಡ್ಡೆಯ ಹಿಂದೆ ಬೆರಳು ಹಿಡಿಯುತ್ತಿದ್ದಳು. ಈಚೆಯಿಂದ ಬೆರಳು ಕಂಡರೆ ಕೊಳ್ಳುವುದು. ಇಲ್ಲವಾದರೆ ಮೂಗು ಮುರಿದು ಎದುರು ಫ್ಯಾಕ್ಟರಿಗೆ. ಇವತ್ತು ಹಿಡಿಯಲೇ ಇಲ್ಲ. ಗಡ್ಡೆಯನ್ನು ತಳ್ಳುಗಾಡಿಗೆ ಹಾಕಿಸಿಕೊಂಡು ಹೊರಟಳು. ಯಾಕೆ ನೋಡಲಿಲ್ಲ ಎಂದೆ.
"ನೋಡಿ ಏನ್ ಮಾಡ್ಲಿ ತಾಯಿ? ಬೆರಳು ಕಾಣ್ದಿದ್ರೂ ಇದನ್ನೇ ತಾನೇ ತಗೋಬೇಕು."
ಬೆಲೆ ಏರಿಸುವುದು ಏನು ಮಹಾ. ಮೂವತ್ತು ವರ್ಷ ಎತ್ತಿದ ಬೆರಳನ್ನು ಹದಿನೇಳು ದಿನದಲ್ಲಿ ಇಳಿಸಿಬಿಟ್ಟೆವು... ಏಕಸ್ವಾಮ್ಯದ ಅರ್ಥ ಈಗ ಗೊತ್ತಾಯಿತು. ಗಡ್ಡೆಯ ಹಿಂದೆ ನಾನೇ ಬೆರಳು ಹಿಡಿದು ನೋಡಿದ ಕೈ ಇನ್ನೂ ತಣ್ಣಗಿದೆ.

ಮಾರ್ಚ್ 21
ನನ್ನದೇ ತಪ್ಪು ಎಂದು ಮಾವನ ಮುಂದೆ ಹೇಳಿಬಿಟ್ಟೆ. ಆಯಮ್ಮ ಹೋದದ್ದಕ್ಕೆ ನಾವೇನು ಮಾಡೋಣ ಎಂದರು. ಅತ್ತೆ ಕೈ ತೊಳೆದು ಬಂದು, ನಮ್ಮ ಮೆಕ್ಯಾನಿಕ್ಕನನ್ನು ಎದುರು ಫ್ಯಾಕ್ಟರಿಗೆ ಕಳಿಸಿ ಎಂದವರೇ ಆ ಅಮ್ಮನಿಗೆ ಫೋನ್ ಹಚ್ಚಿದರು. ಅರ್ಧ ಗಂಟೆ ಜಗಳ. ಕೊನೆಗೆ—
"ನೀನಿಲ್ದೆ ನಮ್ಮೋರು ಸೋಮಾರಿ ಆಗಿದಾರೆ ಕಣೆ. ಬಂದು ಬಾಗ್ಲು ತೆಗಿ."
ಎದುರಾಳಿಯನ್ನು ಹೀಗೂ ಕರೆಯಬಹುದೇ! ಅತ್ತೆಯನ್ನೇ ನೋಡುತ್ತ ನಿಂತುಬಿಟ್ಟೆ.

ಮಾರ್ಚ್ 27
ಎದುರಿನ ಕಾವಲುಗಾರ ಕೀಲಿ ಕೊಟ್ಟ; ನಮ್ಮ ಮೆಕ್ಯಾನಿಕ್ ಕೈಯಲ್ಲಿ ಅವರ ಮಷಿನ್ ಓಡಿತು. ಮಾವ ಬೋರ್ಡಿನ ಬೆಲೆ ಅಳಿಸಿ, ಸೀಮೆಸುಣ್ಣ ನನ್ನ ಕೈಗಿಟ್ಟರು. ಹಳೆಯದನ್ನೇ ಬರೆದೆ. ಎದುರಿನ ಅಮ್ಮನನ್ನು ಕರೆತರಲು ಸ್ಟೇಷನ್ನಿಗೆ ನಾನೂ ಇವರೂ ಹೋಗುವುದು. ಗುರುವಾರ, ಬೆಳಗಿನ ಆರೂ ನಲವತ್ತರ ಪ್ಯಾಸೆಂಜರ್ —